ಅಮ್ಮನ ಸೈಕಲ್ಲಿಗೆ ಬಳಿದ ಹೊಸ ಬಣ್ಣ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ. “ಸೈಕಲ್‌ಗೆ ಗುದ್ದಿದ ಕಾರ್‌ನೋನ್ನ ಪೊಲೀಸ್ನೋರು ಆರೋಪಿ ಅಂತ ಬರೀತಾರಾ? ಎಲ್ಲಾದ್ರೂ ನೋಡಿದೀಯಾ? ನೀನ್ ಓದಿರೋದೆಲ್ಲಾ ಸರಿ, ಇದ್ ಮಾತ್ರ ಆಗಲ್ಲ ಬಿಡು,” ಎಂದ. ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತಿದ್ದೆವು. ಒಳಗೆ ವಾರ್ಡಿನಲ್ಲಿ ಅಮ್ಮ ಮಲಗಿದ್ದಳು. ಎಡಗಾಲಿನ ಮೂಳೆ ಮುರಿದಿತ್ತು, ಬಲಗೈ ಮಣಿಕಟ್ಟೂ ಮುರಿದಿತ್ತು.

ಇದೇ ಮಾಮ ನನ್ನ ಡಿಗ್ರಿಯ ಬಗ್ಗೆಯೂ ಹೀಗೇ ಹೇಳಿದ್ದ. “ನಮ್ಮೋರಲ್ಲಿ ಎಸ್ಸೆಸ್ಸೆಲ್ಸಿ ದಾಟಿದೋರು ಯಾರವ್ರೆ?” ಎಂದವನೇ ಮೂರು ವರ್ಷವೂ ನನ್ನ ಬಸ್ ಪಾಸಿಗೆ ಕ್ಯೂ ನಿಂತ. ಬಾಯಿ ಆಗಲ್ಲ ಎನ್ನುತ್ತದೆ, ಕೈ ಆಗಲೇ ಕೆಲಸ ಶುರು ಮಾಡಿರುತ್ತದೆ. ಕಾಮಾಕ್ಷಿಪಾಳ್ಯದಲ್ಲಿ ಅವನದೊಂದು ಸಣ್ಣ ವೆಲ್ಡಿಂಗ್ ಶೆಡ್ಡು. ಅಪ್ಪ ತೀರಿಕೊಂಡ ಮೇಲೆ ನಮಗೆ ಅಂತ ಇದ್ದವನು ಅವನೊಬ್ಬನೇ. ನಾನೀಗ ಬಿ.ಎ., ಬಿ.ಎಡ್. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಅಜ್ಜಿ ಹೆಬ್ಬೆಟ್ಟು ಒತ್ತಿದವಳು, ಅಮ್ಮ ತನ್ನ ಹೆಸರಷ್ಟೇ ಬರೆಯಲು ಕಲಿತವಳು. ಆದ್ದರಿಂದ ನನ್ನ ಹೆಸರಿನ ಮುಂದೆ ಆ ನಾಲ್ಕಕ್ಷರ ಬರೆದುಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಅಮ್ಮ ಬಸವೇಶ್ವರನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಮೊದಲ ಮನೆಯಲ್ಲಿ ಬೆಳಗ್ಗೆ ಆರೂಕಾಲಿಗೆ ಒಲೆ ಹಚ್ಚಬೇಕು. ಅಲ್ಲಿನ ಅಜ್ಜನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿಂಡಿ ಆಗಬೇಕು. ಅಲ್ಲಿಂದ ಎರಡನೇ ಮನೆ, ಆಮೇಲೆ ಮೂರನೇ ಮನೆ. ಮೂರೂ ಬೇರೆ ಬೇರೆ ಕ್ರಾಸಿನಲ್ಲಿ. ಇಷ್ಟನ್ನೂ ಅವಳು ಸೈಕಲ್ಲಿನಲ್ಲೇ ಮಾಡುತ್ತಿದ್ದಳು. ಆ ಸೈಕಲ್ಲು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರಿ ಶಾಲೆಯಲ್ಲಿ ಕೊಟ್ಟದ್ದು. ನಾನು ಕಾಲೇಜು ಸೇರಿ ಬಸ್ಸು ಹತ್ತಿದ ಮೇಲೆ ಅದು ಗೋಡೆಗೊರಗಿ ನಿಂತಿತ್ತು. ನಲವತ್ತೊಂದನೇ ವಯಸ್ಸಿನಲ್ಲಿ ಅಮ್ಮ ಅದನ್ನು ಆಟದ ಮೈದಾನಕ್ಕೆ ತಳ್ಳಿಕೊಂಡು ಹೋಗಿ, ಸೀರೆ ಎತ್ತಿ ಸಿಕ್ಕಿಸಿ, ಹದಿನೈದು ದಿನ ಬಿದ್ದು ಎದ್ದು ಕಲಿತಳು. ಮಾಮ ಅದಕ್ಕೆ ಶೆಡ್ಡಿನಲ್ಲಿ ಮಿಕ್ಕಿದ್ದ ಹಸಿರು ಬಣ್ಣ ಹೊಡೆದುಕೊಟ್ಟ. ಕಿಟಕಿ ಗ್ರಿಲ್ಲಿಗೆ ಹೊಡೆಯುವ ಬಣ್ಣ. ಆರು ವರ್ಷ ಅವಳು ಅದರಲ್ಲೇ ಓಡಾಡಿದಳು, ಒಂದು ದಿನವೂ ಬೀಳಲಿಲ್ಲ.

ಆ ದಿನ ಬೆಳಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಅಮ್ಮನ ಫೋನಿನಿಂದ ಕರೆ ಬಂತು. ಮಾತಾಡಿದವಳು ಅಮ್ಮನಲ್ಲ, ಪಾರ್ಕಿನ ಮುಂದೆ ಹೂ ಮಾರುವ ಹೆಂಗಸು. “ನಿಮ್ಮಮ್ಮಂಗೆ ಕಾರ್ ಗುದ್ಬುಡ್ತು ಕಣವ್ವಾ, ಬೇಗ ಬಾ.” ನಾನು ಆಟೋ ಹಿಡಿದು ಹೋದೆ.

ಅಮ್ಮ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದಳು. ಕಾಲು ವಿಚಿತ್ರವಾಗಿ ತಿರುಗಿಕೊಂಡಿತ್ತು. ಸೈಕಲ್ಲನ್ನು ಯಾರೋ ಲೈಟು ಕಂಬಕ್ಕೆ ಒರಗಿಸಿದ್ದರು. ಅದರ ಹಿಂದಿನ ಚಕ್ರ ಹಪ್ಪಳದ ಹಾಗೆ ಮಡಚಿಹೋಗಿತ್ತು. ಮಡ್‌ಗಾರ್ಡು ಒಳಕ್ಕೆ ತಗ್ಗಿ, ಹಸಿರಿನ ಮೇಲೆ ಬಿಳಿ ಬಣ್ಣ ಉದ್ದಕ್ಕೆ ಹತ್ತಿಕೊಂಡಿತ್ತು. ಬಿಳಿ ಕಾರು ಹತ್ತು ಅಡಿ ಮುಂದೆ ನಿಂತಿತ್ತು. ಕಾರಿನವನು ಐವತ್ತರ ಆಸುಪಾಸಿನ ಮನುಷ್ಯ, ಕಾಲಲ್ಲಿ ಆಟದ ಶೂ, ಹಿಂದಿನ ಸೀಟಿನಲ್ಲಿ ಶಟಲ್ ಬ್ಯಾಟು. ಕೈಯಲ್ಲಿ ಹಳದಿ ಬಟ್ಟೆ ಹಿಡಿದು ಬಂಪರ್ ಒರೆಸುತ್ತಿದ್ದ. ನಾನು ಸುಳ್ಳು ಹೇಳುತ್ತಿಲ್ಲ. ಅಮ್ಮ ಅಲ್ಲಿ ಕೂತು ನರಳುತ್ತಿದ್ದಳು, ಅವನು ಇಲ್ಲಿ ಬಗ್ಗಿ ಬಂಪರ್ ಒರೆಸುತ್ತಿದ್ದ.

“ನಿಮ್ಮ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ ಬನ್ನಿ,” ಎಂದೆ.

“ಸೀಟ್‌ಗೆ ರಕ್ತ ಆಗುತ್ತಲ್ಲಮ್ಮಾ. ತಾಳಿ, ಆಟೋ ಕರೀತೀನಿ. ನಾನ್ ಹಾರ್ನ್ ಹೊಡ್ದೆ, ಅವ್ರು ಕೇಳಿಸ್ಕೊಳ್ಲಿಲ್ಲ.”

ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ವಾಕಿಂಗಿಗೆ ಬಂದವರು, ಹಾಲು ತರಲು ಬಂದವರು. ಮಂಕಿ ಕ್ಯಾಪ್ ಹಾಕಿದ್ದ ಹಿರಿಯರೊಬ್ಬರು ಅಮ್ಮನ ಮೇಲೆ ಬಗ್ಗಿ ಕೇಳಿದರು: “ಅಲ್ಲಮ್ಮಾ, ಲೇಡೀಸ್‌ಗೆ ಬಸ್ ಫ್ರೀ ಇದೆಯಲ್ಲಾ. ಈ ವಯಸ್ಸಲ್ಲಿ ಸೈಕಲ್ ಯಾಕ್ ಬೇಕಿತ್ತು?”

“ಆಂಟಿ ಇಂಡಿಕೇಟರ್ ಹಾಕಿರ್ಲಿಲ್ಲ ಅನ್ಸುತ್ತೆ ಗುರು,” ಎಂದ ಒಬ್ಬ ಹುಡುಗ ಜೊತೆಯವನಿಗೆ. ಇಬ್ಬರೂ ನಕ್ಕರು.

ಒಬ್ಬನೇ ಒಬ್ಬನೂ ಕಾರಿನವನ ಕಡೆ ತಿರುಗಿ, ಎಷ್ಟು ಸ್ಪೀಡಲ್ಲಿ ಬರ್ತಿದ್ರಿ ಎಂದು ಕೇಳಲಿಲ್ಲ. ಅವನೇಕೆ ಕಾರಿನಲ್ಲಿ ಬಂದ ಎಂದೂ ಕೇಳಲಿಲ್ಲ. ಶಟಲ್ ಆಡಲು ಹೋಗುವವನು ನಡೆದುಕೊಂಡು ಹೋಗಬಹುದಿತ್ತು. ಅಡುಗೆಗೆ ಹೋಗುವವಳು ಮಾತ್ರ ತಾನು ರಸ್ತೆಯಲ್ಲಿ ಯಾಕಿದ್ದೆ ಎಂದು ಮುರಿದ ಕಾಲಿಟ್ಟುಕೊಂಡು ಲೆಕ್ಕ ಒಪ್ಪಿಸಬೇಕು. ಅಂದು ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಊಟದ ಎಲೆಯಲ್ಲಿ ಹುಳ ಕಂಡ ಹಾಗೆ.

ಆಟೋ ಹತ್ತುವ ಮುಂಚೆ ನಾನು ಮಾಮನಿಗೆ ಫೋನ್ ಮಾಡಿ, “ಸೈಕಲ್ ಇಲ್ಲೇ ಕಂಬದ ಹತ್ರ ಐತೆ, ತಗೊಂಡ್ ಹೋಗಿಬಿಡು,” ಎಂದೆ. ಕಾರಿನ ನಂಬರನ್ನು ಫೋಟೋ ತೆಗೆದುಕೊಂಡಿದ್ದೆ. ಸೈಕಲ್ಲಿನ ಫೋಟೋ ತೆಗೆಯಬೇಕೆಂದು ಹೊಳೆಯಲಿಲ್ಲ. ಎರಡು ಡಿಗ್ರಿ ಮಾಡಿದ ನನಗೇ ಹೊಳೆಯಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಯುವ ಡಾಕ್ಟರಮ್ಮ ಇದ್ದರು. “ಹೇಗಾಯ್ತಮ್ಮಾ?” ಎಂದು ಕೇಳಿದರು. ಅಮ್ಮ ನೋವಿನಲ್ಲೂ ಏನೋ ಹೇಳಿದಳು. ಅಷ್ಟರಲ್ಲಿ ನನ್ನನ್ನು ಚೀಟಿ ಮಾಡಿಸಲು ಕೌಂಟರಿಗೆ ಓಡಿಸಿದ್ದರಿಂದ ನನಗದು ಕೇಳಿಸಲಿಲ್ಲ. ತಿರುಗಿ ಬಂದಾಗ ಅಮ್ಮನನ್ನು ಮಗ್ಗುಲಿಗೆ ಹೊರಳಿಸಿ ಕಾಲಿನ ಹಿಂಭಾಗ ನೋಡುತ್ತಿದ್ದರು. ಅಂದು ಸಂಜೆಯೇ ಮಾಮ ಬಂದು ಮೆಟ್ಟಿಲ ಮೇಲೆ ಕೂತು, ಮೊದಲು ಹೇಳಿದೆನಲ್ಲ, ಆ ಮಾತು ಹೇಳಿದ್ದು. ಅವನ ಬೆರಳುಗಳ ಸಂದಿಯಲ್ಲಿ ಹಸಿರು ಬಣ್ಣವಿತ್ತು. ನಾನು ನೋಡಿಯೂ ಯೋಚಿಸಲಿಲ್ಲ.

ಮರುದಿನ ಟ್ರಾಫಿಕ್ ಸ್ಟೇಷನ್ನಿಗೆ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ಗೆ ರೈಟರ್ ಎನ್ನುತ್ತಾರೆ. ಅವರು ನನ್ನನ್ನು ಕೂರಿಸದೆ ಒಂದು ಹಾಳೆ ತೋರಿಸಿದರು. ಕಾರಿನವನು ಹಿಂದಿನ ದಿನವೇ ಬಂದು ಬರೆದುಕೊಟ್ಟು ಹೋಗಿದ್ದ. ಸೈಕಲ್ ಸವಾರಳು ಏಕಾಏಕಿ ಬಲಕ್ಕೆ ತಿರುಗಿ, ನಿಧಾನವಾಗಿ ಬರುತ್ತಿದ್ದ ತನ್ನ ಕಾರಿನ ಪಕ್ಕಕ್ಕೆ ತಾಗಿ ತಾನಾಗಿಯೇ ಬಿದ್ದಳಂತೆ. ತಾನು ಮಾನವೀಯತೆಯಿಂದ ಆಟೋ ಕರೆದು ಕಳಿಸಿದನಂತೆ. ಮಾನವೀಯತೆ! ಕಾಗುಣಿತ ತಪ್ಪದೆ ಬರೆದಿದ್ದ.

“ಸುಳ್ಳು ಸಾರ್. ಹಿಂದಿನಿಂದ ಬಂದು ಗುದ್ದಿದಾರೆ,” ಎಂದೆ.

“ನೀವ್ ನೋಡಿದ್ರಾ?”

“ಇಲ್ಲ. ಹೂವಿನೋರು ಇದ್ರು.”

“ಅವ್ರು ಸದ್ದು ಕೇಳಿ ತಿರುಗಿದ್ರಂತೆ, ನಮ್ಮೋರು ಹೋಗಿ ಕೇಳಿದಾರೆ. ಎದುರಿನ ಅಪಾರ್ಟ್‌ಮೆಂಟ್ ಕ್ಯಾಮೆರಾ ಕೆಟ್ಟಿದೆಯಂತೆ. ನೋಡಮ್ಮಾ, ಅವ್ರು ದೊಡ್ಡ ಮನುಷ್ಯರು, ಏನೋ ಸಹಾಯ ಮಾಡ್ತಾರೆ. ರಾಜಿ ಮಾಡ್ಕೊಂಡ್ ಹೋಗಿ.”

“ಸೈಕಲ್ ನೋಡಿ ಸಾರ್. ಹಿಂದಿನ ಚಕ್ರ ಪೂರ್ತಿ ಹೋಗಿದೆ, ಮಡ್‌ಗಾರ್ಡ್ ಮೇಲೆ ಕಾರಿನ ಬಣ್ಣ ಹತ್ತಿದೆ. ಪಕ್ಕಕ್ಕೆ ತಾಗಿದ್ರೆ ಹಿಂದ್ಗಡೆ ಹೆಂಗೆ ಹೋಗುತ್ತೆ?”

ಅವರು ಮೊದಲ ಸಲ ತಲೆಯೆತ್ತಿ ನೋಡಿದರು. “ಹೌದಾ? ಹಂಗಾದ್ರೆ ತಗೊಂಡ್ ಬನ್ನಿ ಸೈಕಲ್‌ನ. ಸಾಹೇಬ್ರಿಗೆ ತೋರ್ಸೋಣ.”

ಗೆದ್ದೆ ಎಂದುಕೊಂಡೆ. ಅಲ್ಲಿಂದ ನೇರ ಕಾಮಾಕ್ಷಿಪಾಳ್ಯಕ್ಕೆ, ಮಾಮನ ಶೆಡ್ಡಿಗೆ ಹೋದೆ.

ಶೆಡ್ಡಿನ ಮುಂದೆ ಸೈಕಲ್ಲು ನಿಂತಿತ್ತು. ಹೊಸ ಹಿಂದಿನ ಚಕ್ರ, ಹೊಸ ಟೈರು. ಮಡ್‌ಗಾರ್ಡನ್ನು ಬಡಿದು ನೆಟ್ಟಗೆ ಮಾಡಿ, ಇಡೀ ಸೈಕಲ್ಲಿಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ಹ್ಯಾಂಡಲ್ಲಿಗೆ ಕುಂಕುಮ, ಸೇವಂತಿಗೆ ಹೂ. ಮುಂದಿನ ಚಕ್ರದ ಕೆಳಗೆ ಹಿಸುಕಿದ ನಿಂಬೆಹಣ್ಣು. ರಕ್ತ ಕಂಡ ಗಾಡಿ ಹಾಗೇ ಇರಬಾರದು, ಅದನ್ನು ಸರಿಮಾಡಿ, ದೃಷ್ಟಿ ತೆಗೆದು, ಪೂಜೆ ಮಾಡಿಯೇ ಮನೆಗೆ ಕಳಿಸಬೇಕು. ನಮ್ಮ ಜನ ಹಾಗೇ ಮಾಡುವುದು. ಪಕ್ಕದ ಲೇತ್ ಅಂಗಡಿಯವನು ಊಟದ ಹೊತ್ತು ಬಿಟ್ಟು ಹಿಂದಿನ ಚಕ್ರ ಹಿಡಿದಿಡುವ ಫೋರ್ಕ್ ನೆಟ್ಟಗೆ ಮಾಡಿದ್ದ. ಎದುರಿನ ಟೈರು ಅಂಗಡಿಯವನು ಟೈರು ಕೊಟ್ಟಿದ್ದ. ಯಾರೂ ಏನೂ ತೆಗೆದುಕೊಂಡಿರಲಿಲ್ಲ.

“ಹೆಂಗೈತೆ?” ಎಂದ ಮಾಮ. ಅವನ ಮುಖ ನೋಡಬೇಕಿತ್ತು. “ಅಕ್ಕ ಎದ್ದು ಬರೋ ಹೊತ್ಗೆ ರೆಡಿ ಇರ್ಬೇಕು ಅಂತ ನಿನ್ನೆನೇ ಕೂತ್ಬಿಟ್ವಿ.”

“ಹಳೇ ಚಕ್ರ ಎಲ್ಲಿ ಮಾಮ?”

“ಗುಜರಿಗೆ ಹಾಕ್ದೆ. ಬೆಳಗ್ಗೆ ಗಾಡಿ ಬಂದಿತ್ತಲ್ಲ.”

ನಾನು ಏನೆಲ್ಲ ಬೈದೆನೋ ಈಗ ಬರೆಯಲು ನಾಚಿಕೆಯಾಗುತ್ತದೆ. ಬುದ್ಧಿ ಇಲ್ಲದೋರು, ಓದು ಬರಹ ಇಲ್ಲದೋರು ಎಂದೆ. ಅಷ್ಟೂ ಜನರ ಮುಂದೆ ಎಂದೆ. ಮಾಮ ಗುಜರಿ ಅಂಗಡಿಗೆ ಓಡಿದ. ಒಂದು ಗಂಟೆ ಬಿಟ್ಟು ಬರಿಗೈಯಲ್ಲಿ ಬಂದ. ಅಲ್ಲಿ ಅಂಥ ಚಕ್ರಗಳು ರಾಶಿ ಬಿದ್ದಿದ್ದವಂತೆ. ಎಲ್ಲವೂ ಮಡಚಿಹೋದಂಥವೇ, ಯಾವುದು ನಮ್ಮದೆಂದು ಹೇಳುವಂತಿರಲಿಲ್ಲ.

ಆದರೂ ಸೈಕಲ್ಲನ್ನು ಸ್ಟೇಷನ್ನಿಗೆ ತಳ್ಳಿಕೊಂಡು ಹೋದೆವು. ನನಗೆ ಬೇರೆ ದಾರಿ ಕಾಣಲಿಲ್ಲ. ರೈಟರ್ ಅದರ ಸುತ್ತ ಒಂದು ಸುತ್ತು ಬಂದು ಬೆಲ್ಲು ಹೊಡೆದರು. ಟ್ರಿಣ್ ಎಂದಿತು. ಒಳಗಿದ್ದವರೆಲ್ಲ ಹೊರಗೆ ಬಂದರು.

“ಏನಮ್ಮಾ ಟೀಚರ್, ಗುದ್ದಿಸ್ಕೊಂಡ ಸೈಕಲ್ ತಗೊಂಡ್ ಬನ್ನಿ ಅಂದ್ರೆ ಶೋರೂಂ ಸೈಕಲ್ ತಂದಿದೀರಲ್ಲಾ?”

“ನಾನೇ ಸಾರ್ ರಿಪೇರಿ ಮಾಡಿದ್ದು. ಮೊದ್ಲು ಪೂರ್ತಿ ಹೋಗಿತ್ತು. ಸತ್ಯವಾಗ್ಲೂ,” ಎಂದ ಮಾಮ, ಕೈಮುಗಿದು.

“ಕೆಲ್ಸ ಚೆನ್ನಾಗ್ ಮಾಡ್ತೀಯಾ ಬಿಡಪ್ಪಾ. ನಮ್ ಜೀಪ್‌ಗೂ ಒಂದ್ ಕೋಟ್ ಹೊಡಿ ಬಾ.”

ನಗು ನಿಂತ ಮೇಲೆ ಇನ್ನೊಂದು ಹಾಳೆ ತಂದು ನನ್ನ ಮುಂದಿಟ್ಟರು. ಸೈಕಲ್ ಸವಾರಳ ಅಜಾಗರೂಕತೆಯಿಂದ ನಡೆದ ಘಟನೆ, ನಮ್ಮದೇನೂ ತಕರಾರಿಲ್ಲ ಎಂದು ಬರೆದಿತ್ತು. ಅಮ್ಮನ ಸಹಿ ಹಾಕಿಸಿಕೊಂಡು ಬರಬೇಕಂತೆ. ನಾನು ಹಾಳೆಯನ್ನು ವಾಪಸ್ ತಳ್ಳಿದೆ. ಡಾಕ್ಟರು ಕೊಡುವ ಗಾಯದ ಸರ್ಟಿಫಿಕೇಟ್ ತರಿಸಿ, ಅದನ್ನು ನೋಡಿ ಬರೆಯಿರಿ ಎಂದೆ. ಆಸ್ಪತ್ರೆಯವರು ಅದನ್ನು ಪೊಲೀಸರು ಪತ್ರ ಬರೆದು ಕೇಳಿದರೆ ಮಾತ್ರ ಕೊಡುತ್ತಾರೆ.

“ಕಾಲ್ ಮುರಿದಿದೆ ಅಂತ ಬರ್ದಿರ್ತಾರೆ. ಕಾರು ಹಿಂದಿಂದ ಬಂತೋ ಮುಂದಿಂದ ಬಂತೋ ಅಂತ ಮೂಳೆ ಬಾಯಿಬಿಟ್ಟು ಹೇಳುತ್ತಾ?”

“ಹೇಳಲಿ ಬಿಡಲಿ, ನೀವು ಪತ್ರ ಕಳ್ಸಿ ಸಾರ್.”

ಪತ್ರ ಹೋಗಲು ಐದು ವಾರ ಹಿಡಿಯಿತು. ಶಾಲೆ ಬಿಟ್ಟು ನೇರ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಮಕ್ಕಳ ಉತ್ತರ ಪತ್ರಿಕೆಗಳನ್ನು ಅಲ್ಲೇ ತಿದ್ದುತ್ತಿದ್ದೆ. ಮೂಲಭೂತ ಹಕ್ಕುಗಳು ಯಾವುವು ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಕ್ಕೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಂಕ ಹಾಕುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು.

ಈ ಐದು ವಾರದಲ್ಲಿ ಕೇಳಿದ ಮಾತುಗಳು ನನಗೆ ಕಾರಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿವೆ. ಸ್ಟಾಫ್ ರೂಮಿನಲ್ಲಿ ಕಾಲು ಮುರಿದಿದೆ ಎಂದರೆ, “ಹೆಲ್ಮೆಟ್ ಹಾಕಿದ್ರಾ?” ಎಂದು ಕೇಳುತ್ತಾರೆ. ಹೆಲ್ಮೆಟ್ಟನ್ನು ಕಾಲಿಗೆ ಕಟ್ಟಿಕೊಳ್ಳಬೇಕಿತ್ತೇ? ಅಮ್ಮ ಕೆಲಸ ಮಾಡುತ್ತಿದ್ದ ಮೂರನೇ ಮನೆಯ ಮೇಡಂ ಮೋಸಂಬಿ ಹಿಡಿದು ಮನೆಗೆ ಬಂದರು. ಮಂಚದ ತುದಿಯಲ್ಲಿ ಕೂತು, “ನಾನ್ ಅವತ್ತೇ ಬೇಡ ಅಂದೆ ಅಲ್ವಾ? ಈಗಿನ ಟ್ರಾಫಿಕ್ಕಲ್ಲಿ ಸೈಕಲ್ ಓಡ್ಸೋದು ಸೂಸೈಡ್ ಇದ್ದಂಗೆ. ಪಾಪ, ಆ ಕಾರ್‌ನೋರ್ಗೂ ಎಷ್ಟ್ ಟೆನ್ಷನ್ ಆಗಿರುತ್ತೆ,” ಎಂದರು. ಅವರ ಮಗನೂ ಭಾನುವಾರ ಬೆಳಗ್ಗೆ ಸೈಕಲ್ ತುಳಿಯುತ್ತಾನೆ. ಮೈಗಂಟುವ ಬಟ್ಟೆ ಹಾಕಿಕೊಂಡು, ಗೆಳೆಯರ ಗುಂಪಿನ ಜೊತೆ ಕೆಂಗೇರಿ ಉಪನಗರದ ತನಕ ಹೋಗಿ, ದೋಸೆ ತಿಂದು ಬರುತ್ತಾನೆ. ಅದು ಫಿಟ್‌ನೆಸ್. ಅವನ ಮನೆಗೆ ಸಾರು ಮಾಡಲು ಅಮ್ಮ ತುಳಿದರೆ ಸೂಸೈಡ್. ಮೇಡಂ ಆಗಲೇ ಬೇರೆ ಅಡುಗೆಯವರನ್ನು ಗೊತ್ತು ಮಾಡಿಕೊಂಡಿದ್ದನ್ನೂ ಹೇಳಿ ಹೋದರು. ಮೋಸಂಬಿ ಸಿಹಿಯಾಗಿತ್ತಂತೆ, ನಾನು ತಿನ್ನಲಿಲ್ಲ.

ಇವೆಲ್ಲವನ್ನೂ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಇನ್ನೊಂದಿತ್ತು. ಮೂರನೇ ವಾರದ ಒಂದು ಮಧ್ಯಾಹ್ನ ಅಮ್ಮನಿಗೆ ಅನ್ನ ಕಲಸಿ ಕೊಡುತ್ತಿದ್ದೆ. ಅವಳು ಚಮಚವನ್ನು ತಟ್ಟೆಯಲ್ಲಿಟ್ಟಳು.

“ನಾನೇ ಏನಾದ್ರೂ ಒಸಿ ಬಲಕ್ಕೆ ಬಂದ್ನೇನೋ ಕಣೇ.”

“ಯಾರ್ ಹೇಳಿದ್ರು?”

“ಎಲ್ಲಾರೂ ಅದೇ ಹೇಳ್ತಾವ್ರಲ್ಲ. ಅಷ್ಟ್ ಜನ ಸುಳ್ಳು ಹೇಳ್ತಾರಾ? ಮೊದ್ಲನೇ ಮನೇಲಿ ಕುಕ್ಕರ್ ಇಟ್ಟಿದ್ನೋ ಇಳ್ಸಿದ್ನೋ ಅಂತ ಯೋಚ್ನೆ ಇತ್ತು. ತಿರುಗಿರ್ಬೋದು. ಆ ಕಾಗದಕ್ಕೆ ರುಜು ಹಾಕ್ಬಿಡ್ತೀನಿ, ನೀನ್ ಓಡಾಡ್ಬೇಡ.”

ಆರು ವರ್ಷ ರಸ್ತೆಯ ಎಡ ಅಂಚು ಬಿಡದೆ, ಮೋರಿಯ ಕಲ್ಲು ಎಣಿಸಿಕೊಂಡು ಹೋದ ಹೆಂಗಸು ಅವಳು. ಅವಳ ಕಾಲನ್ನು ಕಾರು ಮುರಿಯಿತು. ಅವಳಿಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆಯನ್ನು ಈ ಊರಿನ ಸಭ್ಯಸ್ಥರೆಲ್ಲ ಸೇರಿ, ಮೋಸಂಬಿ ತಂದುಕೊಟ್ಟು, ಕ್ಷೇಮ ವಿಚಾರಿಸಿ ಮುರಿದರು. ಅವತ್ತಿನಿಂದ ನನಗೆ ಕೇಸಿಗಿಂತ ಇದೇ ದೊಡ್ಡದಾಯಿತು. ಅಮ್ಮ ತಪ್ಪಿತಸ್ಥೆ ಎಂದು ಪೊಲೀಸರು ಬರೆದರೆ ಅಳಿಸಲು ಕೋರ್ಟಿದೆ. ಅವಳೇ ತನ್ನೊಳಗೆ ಬರೆದುಕೊಂಡರೆ ಅಳಿಸುವವರು ಯಾರು?

“ಡಾಕ್ಟ್ರ ಸರ್ಟಿಫಿಕೇಟ್ ಬರೋವರ್ಗೂ ರುಜು ಹಾಕಲ್ಲ ಅಂತ ನನ್ ಮೇಲೆ ಆಣೆ ಮಾಡು,” ಎಂದೆ. ಆಣೆ ಪ್ರಮಾಣ ನನಗೆ ಹಿಡಿಸುವುದಿಲ್ಲ, ಆದರೂ ಮಾಡಿಸಿಕೊಂಡೆ.

ಕೊನೆಗೆ ಸ್ಟೇಷನ್ನಿಗೆ ಹೊಸದಾಗಿ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಪತ್ರ ಟೈಪು ಮಾಡಿ, ಸಾಹೇಬರ ಸಹಿ ಹಾಕಿಸಿ, ತಾವೇ ಆಸ್ಪತ್ರೆಗೆ ಬಂದರು. ಅಮ್ಮನಿಗೂ ಆ ದಿನವೇ ಮಣಿಕಟ್ಟಿನ ಪಟ್ಟಿ ಬಿಚ್ಚಿಸಬೇಕಿತ್ತು. ಮಾಮ ಅವಳನ್ನು ಆಟೋದಲ್ಲಿ ಕರೆತಂದಿದ್ದ. ಅವನೂ ನಾನೂ ಆಗಿನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅಮ್ಮನ ವಾಕರ್ ಹಿಡಿದು ಗೋಡೆಗೆ ಒರಗಿ ನಿಂತಿದ್ದ.

ಅದೇ ಡಾಕ್ಟರಮ್ಮ ರಿಜಿಸ್ಟರ್ ತರಿಸಿ ಮೊದಲ ದಿನದ ಹಾಳೆ ತೆಗೆದರು. ಅದರಲ್ಲಿ ಮನುಷ್ಯನ ಮೈಯ ಎರಡು ಚಿತ್ರಗಳು ಅಚ್ಚಾಗಿದ್ದವು, ಒಂದು ಮುಂಭಾಗ, ಒಂದು ಹಿಂಭಾಗ. ಹಿಂಭಾಗದ ಚಿತ್ರದಲ್ಲಿ ಎಡ ಮೀನಖಂಡದ ಮೇಲೆ ಪೆನ್ನಿನಿಂದ ದಪ್ಪವಾಗಿ ಅಡ್ಡಗೀಟು ಎಳೆದಿತ್ತು.

“ಕಾರು ಯಾರ್ದು, ತಪ್ಪು ಯಾರ್ದು ಅಂತ ನಾನ್ ಬರೆಯೋಕಾಗಲ್ಲ,” ಎಂದರು. “ನಿಮ್ಮಮ್ಮ ಅವತ್ತು ಹೇಳಿದ್ದನ್ನ ಬರ್ಕೊಂಡಿದೀನಿ. ಪೆಟ್ಟು ಎಲ್ಲಿ ಬಿದ್ದಿದೆ ಅಂತ ಬರ್ಕೊಂಡಿದೀನಿ. ಎರಡೂ ಒಂದಕ್ಕೊಂದು ಹೊಂದುತ್ತೆ. ಅಷ್ಟೇ.”

ಕೇಸು ಇನ್ನೂ ಮುಗಿದಿಲ್ಲ. ಆ ಸರ್ಟಿಫಿಕೇಟಿನ ಆಧಾರದ ಮೇಲೆ ಎಫ್‌ಐಆರ್ ಆಯಿತು, ಕಾರಿನವನ ಹೆಸರು ಆರೋಪಿಯ ಕಾಲಂಗೆ ಬಂತು. ಅವನು ಜಾಮೀನು ಪಡೆದು ಈಗಲೂ ಶಟಲ್ ಆಡಲು ಅದೇ ಕಾರಿನಲ್ಲಿ ಹೋಗುತ್ತಾನೆ. ನಾನು ಬಸ್ಸಿನಿಂದ ಎರಡು ಸಲ ನೋಡಿದ್ದೇನೆ. ಸೈಕಲ್ಲಿನವರು ಅಡ್ಡ ಬರುತ್ತಾರೆ ಎಂಬ ಮಾತು ಊರಿನಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ನನ್ನ ಅಸಹ್ಯವೂ ಕಡಿಮೆಯಾಗಿಲ್ಲ.

ಆದರೆ ಆ ದಿನ, ಡಾಕ್ಟರಮ್ಮ ಸಹಿ ಮಾಡಿ, ಸೀಲು ಒತ್ತಿ, ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಕಾನ್‌ಸ್ಟೇಬಲ್ ಕೈಗೆ ಕೊಟ್ಟರು. ನಾನು ಅರ್ಜಿ ಬರೆದುಕೊಟ್ಟ ಮೇಲೆ ಅದರ ನಕಲನ್ನು ನನಗೂ ಕೊಟ್ಟರು. ಕಾರಿಡಾರಿನ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ: ರಸ್ತೆಯ ಎಡಬದಿಯಲ್ಲಿ ನೇರವಾಗಿ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಕಾರು ಗುದ್ದಿತೆಂದು ಗಾಯಾಳು ತಿಳಿಸಿದ್ದಾರೆ. ಎಡಗಾಲಿನ ಹಿಂಭಾಗದಲ್ಲಿ ಪೆಟ್ಟು. ಗಂಭೀರ ಗಾಯ.

ಅಮ್ಮ ನನ್ನ ಮುಖವನ್ನೇ ನೋಡಿದಳು. “ಅವ್ರು ಬರ್ದಿರೋ ಹಂಗೇ ಓದು. ಇಂಗ್ಲೀಷಲ್ಲೇ ಓದು. ನೀನ್ ನನ್ ಮಗ್ಳು, ಸಮಾಧಾನಕ್ಕೆ ಏನಾರ ಸೇರ್ಸಿರ್ತೀಯ.”

ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲೇ ಓದಿದೆ. ಮಾಮನೂ ಹತ್ತಿರ ಬಂದು ಬಗ್ಗಿ ನಿಂತ. ಇಬ್ಬರಿಗೂ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೂ ಕೊನೆಯವರೆಗೂ ಕೇಳಿದರು.

“ಇದ್ರಲ್ಲಿ ಹಿಂದಿನಿಂದ ಅನ್ನೋದು ಯಾವ್ದು?”

ನಾನು ಬೆರಳಿಟ್ಟು ತೋರಿಸಿದೆ. ಪಟ್ಟಿ ಬಿಚ್ಚಿ ಬಿಳಿಚಿಕೊಂಡಿದ್ದ ಕೈಯನ್ನು ಅಮ್ಮ ಮೆಲ್ಲಗೆ ಎತ್ತಿ, ಆ ಪದದ ಮೇಲೆ ತನ್ನ ಬೆರಳಿಟ್ಟಳು.

“ಇದು ನಾನ್ ಹೇಳಿದ್ದಾ?”

“ನೀನೇ ಹೇಳಿದ್ದಮ್ಮಾ. ಅವತ್ತೇ, ಮೊದಲ್ನೇ ದಿನ.”

“ಹಂಗಾದ್ರೆ ನಾನ್ ತಿರುಗಿರ್ಲಿಲ್ಲ ಕಣೇ,” ಎಂದಳು ಅಮ್ಮ. “ನೆಟ್ಟಗೇ ಹೋಗ್ತಾ ಇದ್ದೆ.”